ಫೌಜದಾರನ ನಡಿಗೆ

೨೬-೧೧-೫೩, ಗುರುವಾರ

ಹಜೇರಿ ಹದಿನೇಳು. ಉಳಿದವರು ಹೊಲದಲ್ಲಿ, ಜೋಳಕ್ಕೆ ಕೂರುವ ಹಕ್ಕಿ ಓಡಿಸಲು. ದೀಪಾವಳಿ ರಜೆ ಮುಗಿದು ನಾಲ್ಕು ದಿನವಾದರೂ ಶಾಲೆ ಇನ್ನೂ ಶಾಲೆಯಂತಿಲ್ಲ.

ಮೂರನೇ ಇಯತ್ತೆಗೆ ಓದು. ಚನ್ನವ್ವನ ಸರದಿ ಬಂತು. ಎದ್ದಳು, ಪುಸ್ತಕ ಹಿಡಿದಳು, ನಿಂತಳು. ಅಷ್ಟೆ. ಕುರಿ ಕಾಯುವ ಭರಮಣ್ಣನ ಮಗಳು. ಹನ್ನೊಂದು ವರ್ಷ. ಎರಡು ವರ್ಷದಲ್ಲಿ ಒಂದು ಸಾಲು ಬಾಯಿಬಿಟ್ಟು ಓದಿಲ್ಲ. ಹೆಸರು ಕರೆದರೆ ಕೈ ಎತ್ತುತ್ತಾಳೆ. ಪಾಟಿಯ ಮೇಲೆ ಮಾತ್ರ ಒಂದು ತಪ್ಪೂ ಇರುವುದಿಲ್ಲ. ಹೊಡೆದು ನೋಡಿದ್ದೇನೆ, ಮುದ್ದು ಮಾಡಿ ನೋಡಿದ್ದೇನೆ... ಏನೂ ಆಗಲಿಲ್ಲ.

ಮಧ್ಯಾಹ್ನ ಹೆಡ್ ಮಾಸ್ತರ ಸೋಮನಿಂಗಪ್ಪನವರ ಹತ್ತಿರ ಮತ್ತೆ ಅದೇ ಮಾತು ತೆಗೆದೆ. ವಿಜಾಪುರದ ಟ್ರೇನಿಂಗ್ ಕಾಲೇಜಿಗೆ ತಿಂಗಳಿಗೊಬ್ಬ ಕಲಾವಿದ ಬರುತ್ತಿದ್ದ. ಒಮ್ಮೆ ಸಾರಂಗಿಯವನು, ಒಮ್ಮೆ ಮಣ್ಣಿನ ಮೂರ್ತಿ ಮಾಡುವವನು. ಅಲ್ಲಿ ಓದಿದ್ದೆಲ್ಲ ಮರೆತಿದೆ, ಆ ದಿನಗಳು ಮಾತ್ರ ಮರೆತಿಲ್ಲ. ನಮ್ಮ ಹುಡುಗರಿಗೂ ಯಾಕಾಗಬಾರದು? ಶ್ರಾವಣದಲ್ಲಿ ಸನಾದಿ ಊದುವ ಧೂಳಪ್ಪನನ್ನು ಅರ್ಧ ಗಂಟೆ ಕರೆಸಿದ್ದೆ, ಹುಡುಗರು ಎಂಟು ದಿನ ಅದನ್ನೇ ಮಾತಾಡಿದರು.

"ಮಾಡ್ರಿ ತಮ್ಮಣ್ಣ ಮಾಸ್ತರ, ನಾ ಬ್ಯಾಡ ಅನ್ನಂಗಿಲ್ಲ," ಅಂದರು. "ಆದರ ನನ್ನ ಕಡಿಂದ ಬರವಣಿಗಿ ಕೇಳಬ್ಯಾಡ್ರಿ."

ಅಷ್ಟು ಸಾಕು. ಹಗಲುವೇಷದ ಗೊಲ್ಲಾಳಪ್ಪನ ಮೇಳ ಸಂಖ ಊರಲ್ಲಿ ಇಳಿದಿದೆಯಂತೆ.

೨೯-೧೧-೫೩, ರವಿವಾರ

ಸಂಖಕ್ಕೆ ನಡೆದೇ ಹೋಗಿ ಬಂದೆ. ಕಾಲು ಬಾತಿದೆ.

ಊರ ಹೊರಗೆ ಬೇವಿನ ಗಿಡಗಳ ಕೆಳಗೆ ಮೂರು ಗುಡಾರ. ಗೊಲ್ಲಾಳಪ್ಪ ಮುಖಕ್ಕೆ ಹಚ್ಚುವ ಅರದಾಳ ಅರೆಯುತ್ತ ಕೂತಿದ್ದ. ಐವತ್ತರ ಸುಮಾರು, ಸಣ್ಣ ಆಳು. ದಾರಿಯಲ್ಲಿ ಎದುರಾದರೆ ಯಾರೂ ತಿರುಗಿ ನೋಡುವ ಮುಖವಲ್ಲ. ಬರೀ ಆಟ ತೋರಿಸಿ ಹೋಗುವುದಲ್ಲ, ನಾಲ್ಕು ದಿನ ಇದ್ದು ಹುಡುಗರಿಗೆ ಕಲಿಸಬೇಕು ಎಂದೆ. ಅರೆಯುವ ಕೈ ನಿಂತಿತು.

"ಸಾಲಿ ಒಳಗ ಬರಬೇಕ್ರಿ?"

"ಒಳಗ."

"ಇಲ್ಲಿತನಾ ಯಾರೂ ಸಾಲಿ ಕಟ್ಟಿ ಮ್ಯಾಲೂ ಕುಂದ್ರಿಸಿಲ್ರಿ ನಮ್ಮನ್ನ."

ಅವನ ಹೆಂಡತಿ ಹಣಮವ್ವ ಒಲೆಯ ಮುಂದಿನಿಂದ ನಕ್ಕಳು. "ತಾವ ಒಂದ ಅಕ್ಷರ ಕಲ್ತಿಲ್ಲ, ಮಂದಿ ಮಕ್ಕಳಿಗಿ ಏನ ಕಲಸ್ತಾರ್ರಿ ಇವ್ರು?" ಅವನು ನಗಲಿಲ್ಲ. ಬರುತ್ತೇನೆ ಎಂದ. ಒಂದೇ ಒಂದು ಮಾತು ಕೇಳಿದ — ಚೀಟಿ ಬೇಕು. ಹೋದ ವರ್ಷ ಪೋಲೀಸರು ಠಾಣೆಗೆ ಒಯ್ದು ಎರಡು ದಿನ ಕೂರಿಸಿದ್ದರಂತೆ. ಊರೂರು ತಿರುಗುವವರು, ಕಳ್ಳರೇ ಇರಬೇಕು ಎಂದು. "ಸಾಲಿ ಕಾಗದ ಒಂದ ಇತ್ತಂದ್ರ ಯಾರೂ ತಡವಂಗಿಲ್ರಿ."

ಬರೆದುಕೊಡುತ್ತೇನೆ ಎಂದೆ. ಅದರಲ್ಲೇನಿದೆ.

೧-೧೨-೫೩, ಮಂಗಳವಾರ

ಬಂದರು! ಹಳ್ಳದ ದಂಡೆಗೆ ಗುಡಾರ ಹಾಕಿದ್ದಾರೆ.

ಮೊದಲು ಚೀಟಿ ಬರೆದೆ. "ಶಾಲೆಯ ಮಕ್ಕಳಿಗೆ ಕಲೆ ಕಲಿಸುವ ಸಲುವಾಗಿ ಇವರನ್ನು ಕರೆಸಲಾಗಿದೆ. ಇವರಿಗೆ ಯಾರೂ ಅಡ್ಡಿ ಮಾಡಬಾರದು." ಸಹಿ ಮಾಡಲಿಲ್ಲ, ಅದು ಹೆಡ್ ಮಾಸ್ತರರು ಮಾಡಬೇಕಾದ್ದು. ಶಾಲೆಯ ಶಿಕ್ಕಾ ಒತ್ತಿ ಕೊಟ್ಟೆ. ಗೊಲ್ಲಾಳಪ್ಪ ಅದನ್ನು ಕಣ್ಣಿಗೆ ಒತ್ತಿಕೊಂಡು, ನಾಲ್ಕು ಮಡಿಕೆ ಮಾಡಿ ಎದೆಯ ಕಿಸೆಯಲ್ಲಿ ಇಟ್ಟುಕೊಂಡ.

ಮೂರು ಗಂಟೆಗೆ ಹುಡುಗರನ್ನು ಅಂಗಳದಲ್ಲಿ ಕೂರಿಸಿ ಕಾಯುತ್ತಿದ್ದೆವು. ಗೇಟಿನಿಂದ ಪೋಲೀಸ್ ಫೌಜದಾರ ಬಂದ. ಖಾಕಿ ಕೋಟು, ಕೈಯಲ್ಲಿ ಬೆತ್ತ, ಬಲಗಾಲು ಸ್ವಲ್ಪ ಎಳೆದು ಹಾಕುವ ನಡಿಗೆ. ಹೆಡ್ ಮಾಸ್ತರರು ಗಡಬಡಿಸಿ ಎದ್ದು, ಟೋಪಿ ಸರಿ ಮಾಡಿಕೊಂಡು, "ಬರ್ರಿ ಸಾಹೇಬ್ರ, ಕುಂದ್ರಿ," ಎಂದು ಖುರ್ಚಿ ಒರೆಸಿದರು. ಫೌಜದಾರ ಕೂತ. ಹಜೇರಿ ಪುಸ್ತಕ ತರಿಸಿದ, ತಲೆಕೆಳಗೆ ಹಿಡಿದು ಓದಿದ. ಆಗ ತಿಳಿಯಿತು ಗೊಲ್ಲಾಳಪ್ಪ ಎಂದು. ಹುಡುಗರು ನೆಲಕ್ಕೆ ಬಿದ್ದು ನಕ್ಕರು. ಹೆಡ್ ಮಾಸ್ತರರೂ ನಕ್ಕರು — ಆದರೆ ತಡವಾಗಿ.

ಸಂಜೆ ಕೇಳಿದೆ, ಆ ನಡಿಗೆ ಎಲ್ಲಿಂದ ತಂದೆ ಎಂದು. "ಠಾಣೆದಾಗ ಎರಡ ದಿನ ಕುಂದ್ರಿಸಿದ್ರಲ್ರಿ, ಬ್ಯಾರೆ ಕೆಲಸ ಏನಿತ್ತು? ಸಾಹೇಬ್ರು ಅಡ್ಡಾಡೂದ ನೋಡಕೋತ ಕುಂತಿದ್ದೆ." ಅಂದರೆ ಅದು ನಮ್ಮ ಭಾಗದ ಫೌಜದಾರನದೇ ನಡಿಗೆ. ನಾನೂ ನಕ್ಕೆ. ಬಹಳ ನಕ್ಕೆ.

೩-೧೨-೫೩, ಗುರುವಾರ

ಸಂತೋಷಕ್ಕೆ ಊಟ ಬಿಟ್ಟು ಬರೆಯಲು ಕೂತಿದ್ದೇನೆ.

ಮೂರು ದಿನದಿಂದ ಪಾಠ ನಡೆದಿದೆ. ಮುಖಕ್ಕೆ ಬಣ್ಣ ಹಚ್ಚಿಸಿಯೇ ಇಲ್ಲ ಅವನು. "ಮಾರಿ ಆಮ್ಯಾಲ. ಮೊದಲ ಕಾಲ ನೋಡ್ರಿ. ಯಾವ ಕಾಲಿನ ಮ್ಯಾಲ ಭಾರ ಹಾಕ್ತಾನ ನೋಡ್ರಿ." ಹುಡುಗರು ನೀರು ಹೊರುವವರ, ಮುದುಕರ, ಬಸುರಿಯರ ಹಿಂದೆ ಹಿಂದೆ ನಡೆದು ನೋಡಿ ಬರುತ್ತಾರೆ.

ಇವತ್ತು ಒಬ್ಬೊಬ್ಬರೇ ಬಂದು ಮಾಡಿ ತೋರಿಸಬೇಕಿತ್ತು. ಚನ್ನವ್ವನನ್ನು ಬಿಟ್ಟುಬಿಡು ಎಂದು ಹೇಳಲು ಹೋದೆ. ಅಷ್ಟರಲ್ಲಿ ಅವಳೇ ಎದ್ದಳು. ಮೂಲೆಯಲ್ಲಿದ್ದ ಬೆತ್ತ ತೆಗೆದುಕೊಂಡಳು. ಬಲಗಾಲು ಎಳೆದಳು. ಕುತ್ತಿಗೆ ಇಲ್ಲದ ಕೋಟಿನೊಳಗೆ ಇಳಿದಂತಾಯಿತು. ಆಮೇಲೆ ದನಿ —

"ಏ, ಯಾರಂವ? ಮುಂದ ಬಾ! ಹೆಸರೇನ? ಅಪ್ಪನ ಹೆಸರೇನ?"

ಎಲ್ಲಿತ್ತು ಇಷ್ಟು ದಿನ ಆ ದನಿ! ಎರಡು ವರ್ಷ ಕಾದದ್ದು ಅದಕ್ಕೇ. ಗೊಲ್ಲಾಳಪ್ಪ ಕೈ ಮುಗಿದು ನಡುಗುತ್ತ ಅವಳ ಎದುರು ಬಂದು ನಿಂತು ಉತ್ತರ ಕೊಟ್ಟ, "ಗೊಲ್ಲಾಳಪ್ಪರಿ... ತಪ್ಪಾತ್ರಿ..." ಅವಳು ನಿಲ್ಲಿಸಲೇ ಇಲ್ಲ. ಕಾಲು ಗಂಟೆ ವಿಚಾರಣೆ ಮಾಡಿದಳು. ಕೊನೆಗೆ ನನ್ನ ಕಡೆ ಬೆತ್ತ ತೋರಿಸಿ, "ಇಂವನ್ಯಾರು?" ಅಂದಳು. ಶಾಲೆಗೆ ಶಾಲೆಯೇ ಹೋ ಎಂದಿತು.

ಆಟ ಮುಗಿದ ಮೇಲೆ ಪುಸ್ತಕ ಕೊಟ್ಟೆ. ಒಂದು ಸಾಲು ಓದಿದಳು. ಸಣ್ಣಗೆ, ಆದರೂ ಓದಿದಳು.

೫-೧೨-೫೩, ಶನಿವಾರ

ಮೇಳ ಬಾಲಗಾಂವದ ಕಡೆ ಹೋಯಿತು. ಹುಡುಗರು ಹಳ್ಳದವರೆಗೆ ಬಿಟ್ಟು ಬಂದರು. ಮನೆಯಲ್ಲಿ ಹೆಂಡತಿ ಸಿದ್ದಲಿಂಗವ್ವ, "ಇಷ್ಟ ನಕ್ಕೋತ ನೀವು ಎಂದೂ ಮನಿಗಿ ಬಂದಿಲ್ಲ," ಎಂದಳು. ಅವಳಿಗೆ ಈಗ ಏಳು ತಿಂಗಳು. ಊದಿದ ಕಾಲು ನೀಡಿಕೊಂಡು ಕೂತಿದ್ದಳು.

ಮುಂದಿನ ಸಲ ಮಣ್ಣಿನ ಕೆಲಸದವರನ್ನು ಕರೆಸಬೇಕು.

೨೨-೧೨-೫೩, ಮಂಗಳವಾರ

ಏನಾಯಿತೋ ಅದನ್ನು ಆದಂತೆಯೇ ಬರೆಯುತ್ತೇನೆ.

ಫೌಜದಾರ ಊರಿಗೆ ಬಂದಿದ್ದ. ಕಳ್ಳಭಟ್ಟಿ ಹುಡುಕಲು. ಚಾವಡಿಯ ಮುಂದೆ ಐವತ್ತು ಜನ ಸೇರಿದ್ದರು. ನಮ್ಮ ನಡುವಿನ ಸುಟ್ಟಿ. ಹುಡುಗರು ನೋಡಲು ಓಡಿದರು. ಅವನು ಬಲಗಾಲು ಎಳೆಯುತ್ತ ಚಾವಡಿಯಿಂದ ಇಳಿದು ನಡೆದಾಗ, ಹತ್ತು ಹೆಜ್ಜೆ ಹಿಂದೆ ಚನ್ನವ್ವ ಹಾಗೇ ನಡೆದಳಂತೆ. ಅಣಕಿಸಬೇಕೆಂದಲ್ಲ... ನೋಡಿ ಕಲಿಯಬೇಕೆಂದು. ಗೊಲ್ಲಾಳಪ್ಪ ಹೇಳಿಕೊಟ್ಟದ್ದು ಅದೇ ತಾನೆ. ಜನ ನಕ್ಕರು. ಅವನು ತಿರುಗಿದ. ಅವಳೂ ಅವನಂತೆಯೇ ತಿರುಗಿದಳು. ಜನ ಇನ್ನೂ ನಕ್ಕರು.

ನೇರ ಶಾಲೆಗೆ ಬಂದ. ಅವಳ ರಟ್ಟೆ ಹಿಡಿದು ತಂದ. ಮರಾಠಿಯವನು. ಮೊದಲು ಮರಾಠಿಯಲ್ಲಿ, ಆಮೇಲೆ 'ಯಾರು' ಎಂಬುದಕ್ಕೆ 'ಕೋಣ' ಎನ್ನುವ ಹರಕು ಕನ್ನಡದಲ್ಲಿ: "ಕೋಣ ಕಲಿಸ್ಯಾನ ಇದು?" ಚನ್ನವ್ವ ತುಟಿ ಬಿಚ್ಚಲಿಲ್ಲ. ಹಿಂದಿನಿಂದ ಯಾರೋ ಹುಡುಗ ಹೇಳಿದ, "ವೇಷದ ಗೊಲ್ಲಾಳಪ್ಪರಿ."

"ಅವನ್ನ ಸಾಳಿಗಿ ಯಾರು ಕರದ್ರು?"

ಹೆಡ್ ಮಾಸ್ತರರು ನನ್ನನ್ನು ನೋಡಿದರು. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ. ಮನೆಯಲ್ಲಿ ಸಿದ್ದಲಿಂಗವ್ವ... ಇವೆಲ್ಲ ಆಮೇಲೆ ಹೊಳೆದ ಕಾರಣಗಳು. ಆ ಹೊತ್ತಿಗೆ ಅವನ ಬೆತ್ತ ಒಂದೇ ಕಾಣುತ್ತಿತ್ತು.

"ಯಾರೂ ಕರದಿಲ್ರಿ," ಎಂದೆ. "ತಾವ ಬಂದಿದ್ರು. ಹುಡುಗರು ಹೊರಗ ನೋಡಿರಬೇಕು."

ನನ್ನ ಹೇಳಿಕೆಯ ಜಬಾಬು ಬರೆಸಿಕೊಂಡರು. ಮರಾಠಿಯಲ್ಲಿ ಬರೆದರು, ಓದಿ ಹೇಳಿದರು. ಕೆಳಗೆ ಕನ್ನಡದಲ್ಲಿ ಸಹಿ ಮಾಡಿದೆ.

ಹೋಗುವಾಗ ಹೆಡ್ ಮಾಸ್ತರರು ಬೆನ್ನು ತಟ್ಟಿದರು. "ಶ್ಯಾಣ್ಯಾ ಅದೀರಿ."

೨೪-೧೨-೫೩

ಬಾಲಗಾಂವದಲ್ಲಿ ಗೊಲ್ಲಾಳಪ್ಪನನ್ನು ಹಿಡಿದರಂತೆ. ಸಿದ್ದಲಿಂಗವ್ವನಿಗೆ ಎಲ್ಲ ಹೇಳಿದೆ. "ಚಲೋ ಮಾಡಿದ್ರಿ ಅನ್ನಾಕ ಬಾಯಿ ಬರಂಗಿಲ್ಲ. ಕೆಟ್ಟ ಮಾಡಿದ್ರಿ ಅನ್ನಾಕ ನನಗೂ ಅಂಜಿಕಿ," ಎಂದಳು.

ಎರಡು ದಿನ ಕೂರಿಸಿ ಬಿಟ್ಟಾರು. ಹೋದ ವರ್ಷದಂತೆ.

೨೯-೧೨-೫೩, ಮಂಗಳವಾರ

ಬಿಟ್ಟಿಲ್ಲ.

ಹನ್ನೊಂದು ಗಂಟೆಗೆ ಜಮಾದಾರ ಬಂದ. ಜೊತೆಗೆ ಗೊಲ್ಲಾಳಪ್ಪ. ಕೈಗೆ ಹಗ್ಗ. ಒಂದು ಕಣ್ಣು ಮುಚ್ಚಿಹೋಗಿತ್ತು. ಜಮಾದಾರ ನಾಲ್ಕು ಮಡಿಕೆಯ ಕಾಗದ ಬಿಚ್ಚಿ ಮೇಜಿನ ಮೇಲೆ ಇಟ್ಟ. ಸಾಲಿಯವರೇ ಕರೆಸಿದರು, ಕಾಗದ ಇದೆ ಎಂದು ಇವನು ಹೇಳುತ್ತಿದ್ದಾನಂತೆ.

ಹೆಡ್ ಮಾಸ್ತರರು ಕಾಗದ ಮುಟ್ಟಲಿಲ್ಲ. "ನನ್ನ ಸಹಿ ಇಲ್ಲ ನೋಡ್ರಿ. ಶಿಕ್ಕಾ ಕಿಡಿಕ್ಯಾಗ ಬಿದ್ದಿರತದ. ಯಾರ ಬೇಕಾದ್ರೂ ಒತ್ತಿಕೋಬಹುದು."

"ಅಕ್ಷರ ಯಾರವು? ಮಾಸ್ತರ, ನಿಮ್ಮವೇನ್ರಿ?"

ನನ್ನ ಬೆನ್ನ ಹಿಂದೆ ಕರೀ ಹಲಗೆ. ಅದರ ಮೇಲೆ ಬೆಳಿಗ್ಗೆ ನಾನೇ ಬರೆದ ಎಂಟು ಸಾಲು. ಅದೇ ಅಕ್ಷರ, ಅದೇ ಬಾಗು. ಜಮಾದಾರನಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಎದುರಿಗೆ ಕೂತ ಇಪ್ಪತ್ತು ಮಕ್ಕಳಿಗೆ ಬರುತ್ತದೆ. ಕಲಿಸಿದವನು ನಾನೇ.

"ನನ್ನವಲ್ಲ," ಎಂದೆ.

ಗೊಲ್ಲಾಳಪ್ಪ ನನ್ನ ಮುಖ ನೋಡಲಿಲ್ಲ. ಕಾಲು ನೋಡಿದ. ನೋಡಿ, ಜಮಾದಾರನಿಗೆ ಹೇಳಿದ, "ನಾನ ಯಾರ ಕೈಲಿಂದೋ ಬರಸಿಕೊಂಡೀನ್ರಿ. ಈ ಮಾಸ್ತರ್ ಅಲ್ರಿ. ನಡೀರಿ ಹೋಗೂಣು."

ಚನ್ನವ್ವ ಮೊದಲ ಸಾಲಿನಲ್ಲಿ ಕೂತಿದ್ದಳು. ಒಮ್ಮೆ ಮೇಜಿನ ಮೇಲಿನ ಕಾಗದ ನೋಡಿದಳು, ಒಮ್ಮೆ ಹಲಗೆ.

ಅವರು ಹೋದ ಮೇಲೆ ಹಲಗೆ ಒರೆಸಿದೆ. ಯಾಕೆ ಒರೆಸಿದೆ?

೩೦-೧೨-೫೩

ಇನ್ನು ಅವನ ಮೇಲೆ ಸುಳ್ಳು ಕಾಗದ ಮಾಡಿದ ಆರೋಪ. ಸರಕಾರಿ ಶಿಕ್ಕಾ. ಎರಡು ದಿನ ಕೂರಿಸಿ ಬಿಡುವ ಮಾತಲ್ಲ ಇದು. ನಾನು ಒಂದು ಮಾತು ಹೇಳಿದ್ದರೆ ನನಗೆ ಮೆಮೊ ಬರುತ್ತಿತ್ತು, ಬಹಳವೆಂದರೆ ಸಸ್ಪೆಂಡ್. ಅವನಿಗೆ...

ಊಟ ಸೇರಲಿಲ್ಲ.

೩-೧-೫೪, ರವಿವಾರ

ನಾಳೆ ಠಾಣೆಗೆ ಹೋಗಿ ಹೇಳುತ್ತೇನೆ.

೪-೧-೫೪

ಹೋಗಲಿಲ್ಲ. ಡೆಪ್ಯುಟಿ ಸಾಹೇಬರು ಶಾಲೆ ತಪಾಸಣೆಗೆ ಬರುವ ಸುದ್ದಿ. ಬರಲೂ ಇಲ್ಲ.

೫-೧-೫೪

ಹೋಗಲಿಲ್ಲ.

೧೦-೧-೫೪, ರವಿವಾರ

ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮರಾಠಿಯಲ್ಲಿ ಹೊಂದಿಸಿಕೊಂಡೆ. ಠಾಣೆಯ ಕಟ್ಟೆಯ ಮೇಲೆ ಆ ಜಮಾದಾರನೇ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ.

"ವೇಷದವನಾ? ನಿನ್ನೆ ಬಿಟ್ರಲ್ರಿ. ಇಟ್ಟುಕೊಂಡ ಏನ ಮಾಡೂದು? ಸಾಹೇಬರ ಸಿಟ್ಟ ಇಳೀತು."

"ಕೇಸು?"

"ಎಲ್ಲೀ ಕೇಸ್ರಿ. ಕಾಗದ ಒಲಿಯಾಗ ಹೋತು." ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀವು ಯಾಕ ಬಂದಿದ್ರಿ?"

"ಇಲ್ಲೇ... ಸಂತಿಗೆ ಬಂದಿದ್ದೆ," ಎಂದೆ. ಇವತ್ತು ಅಲ್ಲಿ ಸಂತೆಯೇ ಇರಲಿಲ್ಲ.

ಹಿಂದಿರುಗುವಾಗ ಮೊದಲ ಒಂದು ಹರದಾರಿ ಹಗುರೆನಿಸಿತು. ಬಿಟ್ಟರಲ್ಲ, ಮುಗಿಯಿತಲ್ಲ ಎಂದು. ಆ ಹಗುರು ನೆನೆದರೆ ಈಗ ಹೇಸಿಗೆಯಾಗುತ್ತದೆ.

೧೭-೧-೫೪, ರವಿವಾರ

ಸಂಕ್ರಾಂತಿ ಆಯಿತು. ಯಾರ ಮನೆಗೂ ಎಳ್ಳು ಕೊಡಲು ಹೋಗಲಿಲ್ಲ.

ಮೇಳ ದರಿಬಡಚಿಯ ಆಚೆ ಮಾಳದಲ್ಲಿ ಇದೆ ಎಂದು ಕೇಳಿ ಹೋದೆ. ಯಾವ ಊರಿನವರೂ ಒಳಗೆ ಬಿಡುತ್ತಿಲ್ಲವಂತೆ. ಫೌಜದಾರನ ಮಾತು ಪಾಟೀಲರಿಗೆಲ್ಲ ಮುಟ್ಟಿದೆ. ಮೂರು ಗುಡಾರದಲ್ಲಿ ಒಂದೇ ಉಳಿದಿದೆ. ಉಳಿದವರು ಬೇರೆ ದಾರಿ ಹಿಡಿದರು.

ಹಣಮವ್ವ ಕಂಬಳಿ ಹಾಸಿದಳು. "ಬರ್ರಿ ಮಾಸ್ತರ, ಕುಂದ್ರಿ. ಭಾಳ ದೂರ ನಡದ ಬಂದೀರಿ." ನೀರು ಕೊಟ್ಟಳು. ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಕೂತಿರಬಹುದಿತ್ತು.

ಗೊಲ್ಲಾಳಪ್ಪ ಗುಡಾರದ ಒಳಗೆ ಮಲಗಿದ್ದ. ದವಡೆ ಮುರಿದಿದೆ. ತಲೆಯಿಂದ ಗದ್ದದ ಕೆಳಗೆ ಬಟ್ಟೆ ಸುತ್ತಿದ್ದಾರೆ. ಗಂಜಿ ಬಿಟ್ಟರೆ ಬೇರೆ ಇಳಿಯುವುದಿಲ್ಲ. ಮಾತು ಬರುತ್ತದೆ, ಆದರೆ ಒಂದೇ ದನಿ, ಹಲ್ಲಿನ ನಡುವೆ ಗಾಳಿ. ಮುದುಕಿಯ ದನಿ, ರಾಜನ ದನಿ, ಫೌಜದಾರನ ದನಿ... ಯಾವುದೂ ಇನ್ನು ಬರುವುದಿಲ್ಲ. ನಾಟಿ ವೈದ್ಯ ಹಾಗೇ ಹೇಳಿದ್ದಾನೆ.

"ನಾ ತಪ್ಪ ಮಾಡಿದೆ, ಗೊಲ್ಲಾಳಪ್ಪ," ಎಂದೆ. ಅಷ್ಟು ಹೇಳಲು ಅರ್ಧ ಗಂಟೆ ಹಿಡಿಯಿತು.

ಕೈ ಆಡಿಸಿದ — ಬಿಡು ಎಂಬಂತೆ. ಬಹಳ ಕಷ್ಟಪಟ್ಟು ಕೇಳಿದ, "ಆ ಹುಡುಗಿ... ಚನ್ನವ್ವ... ಇನ್ನಾ ಮಾಡ್ತಾಳೇನ್ರಿ?"

ಅವಳು ಹತ್ತೊಂಬತ್ತು ದಿನದಿಂದ ಶಾಲೆಗೆ ಬಂದಿಲ್ಲ. ಹಜೇರಿಯಲ್ಲಿ ಸೊನ್ನೆ ಹಾಕುತ್ತಿರುವವನು ನಾನೇ.

"ಮಾಡ್ತಾಳ," ಎಂದೆ. "ಭಾಳ ಚಲೋ ಮಾಡ್ತಾಳ."

ಅವನಿಗೆ ನಗಲು ಆಗುವುದಿಲ್ಲ. ಕಣ್ಣಿನ ಸುತ್ತ ಮಾತ್ರ ಗೆರೆ ಮೂಡಿದವು. ಹಣಮವ್ವ ಮುಖ ತಿರುಗಿಸಿಕೊಂಡು ಹೊರಗೆ ಹೋದಳು. ಅವಳು ನಂಬಲಿಲ್ಲ.

೧೯-೧-೫೪, ಮಂಗಳವಾರ. ಸಂಜೆ, ಶಾಲೆಯಲ್ಲಿ

ಭರಮಣ್ಣ ಬೆಳಿಗ್ಗೆಯೇ ಬಂದ. ಹೆಗಲ ಮೇಲೆ ಕಂಬಳಿ, ಹಿಂದೆ ಚನ್ನವ್ವ. ಅವಳ ಎಡಗೆನ್ನೆ ಊದಿ ನೀಲಿಯಾಗಿತ್ತು. ನಾಳೆ ಕುರಿ ಹೊಡೆದುಕೊಂಡು ಕೃಷ್ಣಾ ಹೊಳೆಯ ಕಡೆಗೆ ಹೋಗುತ್ತಾರಂತೆ. ಪ್ರತಿ ವರ್ಷ ಇವಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಿದ್ದ.

"ಈ ಸಲ ಇಕಿನ್ನೂ ಕರಕೊಂಡ ಹೊಂಟೀನ್ರಿ. ಸಾಲಿ ಸಾಕು. ಹೆಸರ ತಗದ ಬಿಡ್ರಿ."

ಕೆನ್ನೆಗೆ ಏನಾಯಿತು ಎಂದು ಕೇಳಿದೆ.

"ನಾನ ಹೊಡದೀನ್ರಿ." ಹೇಳಲು ಅವನಿಗೇ ನಾಚಿಕೆಯಾಯಿತು. "ಈಗೀಗ ಮಾತ ಬಂದಾವ್ರಿ ಇಕಿಗೆ. ನಿನ್ನಿ ನಾಕ ಮಂದಿ ಮುಂದ ಅಂತಾಳ, ಮಾಸ್ತರ್ ಸುಳ್ಳ ಹೇಳ್ಯಾರಂತ. ಆ ಚೀಟಿ ಮ್ಯಾಲಿಂದು, ಹಲಿಗಿ ಮ್ಯಾಲಿಂದು ಒಂದ ಅಕ್ಷರ ಅಂತ. ಕಲಿಸಿದ ಗುರುವಿಗೆ ಹಂಗ ಅನಬೇಕೇನ್ರಿ? ಕೈ ತಡೀಲಿಲ್ಲ."

ಚನ್ನವ್ವ ನೆಲ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಭರಮಣ್ಣ," ಎಂದೆ, "ಅಕಿ ಖರೇನ ಹೇಳ್ಯಾಳ. ಚೀಟಿ ನಾನ ಬರದಿದ್ದೆ. ಗೊಲ್ಲಾಳಪ್ಪನ್ನ ನಾನ ಕರಸಿದ್ದೆ."

ಕೊನೆಗೂ ಬಂತು ಮಾತು. ಹೆಡ್ ಮಾಸ್ತರರು ಬಾಗಿಲಲ್ಲೇ ಇದ್ದರು, ಕೇಳಿಸಿಕೊಂಡರು. ಯಾವ ಅಂಜಿಕೆಯೂ ಆಗಲಿಲ್ಲ.

ಭರಮಣ್ಣ ನನ್ನನ್ನು ನೋಡಿದ. ಕಣ್ಣು ತುಂಬಿ ಬಂದವು. ಎರಡೂ ಕೈ ಮುಗಿದ.

"ಎಂಥಾ ಮನಸ್ರಿ ನಿಮ್ಮದು! ಹುಡುಗಿ ಹೊಡತ ತಿಂದಾಳಂತ ತಪ್ಪ ನಿಮ್ಮ ಮ್ಯಾಲ ಹಾಕ್ಕೋತೀರಲ್ರಿ!"

"ಇಲ್ಲ, ಭರಮಣ್ಣ. ಖರೇನ ಹೇಳಾಕತ್ತೀನಿ. ನಾನ—"

"ಇರ್ಲಿ ಬಿಡ್ರಿ, ನನಗ ತಿಳೀತದ. ನೋಡ ಚನ್ನಿ, ಇಂಥಾವರಿಗೆ ಸುಳ್ಳ ಅಂದಿ. ಬೀಳ ಕಾಲಿಗಿ."

ಬ್ಯಾಡ ಎಂದೆ. ಮತ್ತೆ ಎಂದೆ. ಅವನು ಅವಳ ಕುತ್ತಿಗೆಯ ಮೇಲೆ ಕೈಯಿಟ್ಟು ಬಗ್ಗಿಸಿದ. ಅವಳು ಬಗ್ಗಿದಳು. ಹಣೆ ನೆಲಕ್ಕೆ ಮುಟ್ಟಿತು. ನಾನು ಹಿಂದೆ ಸರಿಯಬೇಕಿತ್ತು. ಅವಳನ್ನು ಎತ್ತಬೇಕಿತ್ತು. ಕಲ್ಲಿನ ಹಾಗೆ ನಿಂತಿದ್ದೆ. ಎದ್ದಳು, ಹಣೆಯ ಧೂಳು ಒರೆಸಿಕೊಳ್ಳಲಿಲ್ಲ. ಅಪ್ಪನ ಹಿಂದೆ ಹೋದಳು.

"ಮುಗೀತು ಬಿಡ್ರಿ," ಎಂದರು ಹೆಡ್ ಮಾಸ್ತರರು, ರಜಿಸ್ಟರು ನನ್ನ ಮುಂದೆ ಸರಿಸುತ್ತ. "ವಲಸಿ ಅಂತ ಬರದ ಬಿಡ್ರಿ."

ಅವರೂ ಮನೆಗೆ ಹೋದರು. ಐದೂವರೆ ಆಗಿರಬೇಕು. ರಜಿಸ್ಟರು ಬಿಚ್ಚಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹೆಸರು — ಚನ್ನವ್ವ. ತಂದೆಯ ಹೆಸರು — ಭರಮಣ್ಣ. ಇಯತ್ತೆ — ಮೂರು. ನಡತೆ — ಒಳ್ಳೆಯದು. ಇಷ್ಟು ತುಂಬಿದೆ. ಇನ್ನು ಒಂದೇ ಖಾನೆ, ಶಾಲೆ ಬಿಟ್ಟ ಕಾರಣ. ಟಾಕಿನ ಮಸಿ ಎರಡು ಸಲ ಒಣಗಿತು. ಮತ್ತೆ ಅದ್ದಿಕೊಂಡಿದ್ದೇನೆ. ವಲಸೆ ಎಂದು ಬರೆದರೆ ಯಾರೂ ಕೇಳುವುದಿಲ್ಲ. ಇದ್ದದ್ದನ್ನು ಬರೆದರೂ, ಬಹುಶಃ ಯಾರೂ ನಂಬುವುದಿಲ್ಲ.